ಒಂದು ಚೀಲ, 81 ಲಕ್ಷ ಕಾಳು

ಒಂದು ಗುಂಟೆ ಗದ್ದೆಯ ನಡುವೆ ನಿಂತು ತಲೆ ಎತ್ತಿ ನೋಡಿ. ಕಾಣುವುದು ಬರೀ ಆಕಾಶ, ಹೆಚ್ಚೆಂದರೆ ಎರಡು ಬೆಳ್ಳಕ್ಕಿ. ಆದರೆ ಆ ಒಂದು ಗುಂಟೆಯ ನೆತ್ತಿಯ ಮೇಲೆ ಕೂತಿರುವ ಗಾಳಿಯ ತೂಕ ಸಾವಿರ ಟನ್ನಿಗೂ ಮಿಗಿಲು. ಅದರಲ್ಲಿ ಸುಮಾರು 790 ಟನ್ ಬರೀ ಸಾರಜನಕ. ಎಕರೆಯ ಲೆಕ್ಕ ಹಿಡಿದರೆ 31,500 ಟನ್. ಲಾರಿಗೆ 10 ಟನ್ನಿನಂತೆ ತುಂಬಿದರೆ 3,150 ಲಾರಿ ಬೇಕು. ಇಷ್ಟರ ಕೆಳಗೆ ಬೇರೂರಿ ನಿಂತ ಭತ್ತ, ಒಂದು ಒಳ್ಳೆಯ ಬೆಳೆಗೆ ಕೇಳುವುದು ಎಕರೆಗೆ 40-50 ಕಿಲೊ ಸಾರಜನಕ. ಅದು ಸಿಗದೆ ಹಳದಿ ತಿರುಗುತ್ತದೆ.

ಇನ್ನೊಂದು ಲೆಕ್ಕ ಹಾಕಿದೆ. ಇಡೀ ಜಗತ್ತಿನ ರೈತರು ವರ್ಷಕ್ಕೆ ಬಳಸುವ ಗೊಬ್ಬರಗಳಲ್ಲಿ ಇರುವ ಸಾರಜನಕ ಸುಮಾರು 11 ಕೋಟಿ ಟನ್. ಅಷ್ಟನ್ನು ಗಾಳಿಯಿಂದ ಇಳಿಸಬೇಕೆಂದರೆ ಎಷ್ಟು ನೆಲದ ಮೇಲಿನ ಗಾಳಿ ಸಾಕು? ಸುಮಾರು 3,500 ಎಕರೆ. ನಮ್ಮ ಕಡೆ ಎರಡು ಮೂರು ಊರಿನ ಸೀಮೆ ಕೂಡಿಸಿದರೆ ಆಯಿತು. ತುಂಗಭದ್ರಾ ಜಲಾಶಯ ತುಂಬಿದಾಗ ನೀರು ಹರಡಿಕೊಳ್ಳುವುದು 378 ಚದರ ಕಿಲೋಮೀಟರ್. ಅದರ ಮೇಲಿನ ಗಾಳಿಯೊಂದರಿಂದಲೇ ಜಗತ್ತನ್ನು 27 ವರ್ಷ ಸಾಕಬಹುದು.

ಇಷ್ಟಿದ್ದೂ ಕೊರತೆ ಯಾಕೆಂದರೆ, ಗಾಳಿಯ ಸಾರಜನಕದಲ್ಲಿ ಎರಡೆರಡು ಪರಮಾಣು ಮೂರು ಪಟ್ಟು ಗಂಟು ಹಾಕಿಕೊಂಡು ಕೂತಿರುತ್ತವೆ. ಆ ಗಂಟು ಬಿಚ್ಚಲು ಭತ್ತಕ್ಕೆ ಬರುವುದಿಲ್ಲ. ಮನುಷ್ಯನಿಗೆ ಬಂದದ್ದೂ ಈಚೆಗೆ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿದ, 1913ರಲ್ಲಿ ಓಪಾವ್ ಎಂಬಲ್ಲಿ ಮೊದಲ ಘಟಕ ಶುರುವಾಯಿತು. ಬೇಕಾದ ಒತ್ತಡ ನಾವು ಉಸಿರಾಡುವ ಗಾಳಿಯ 200 ಪಟ್ಟು, ಅಂದರೆ ಸಮುದ್ರದಲ್ಲಿ 2 ಕಿಲೋಮೀಟರ್ ಆಳಕ್ಕೆ ಇಳಿದರೆ ಮೈಮೇಲೆ ಬೀಳುವಷ್ಟು. ಶಾಖ 400ರಿಂದ 500 ಡಿಗ್ರಿ. ಇವತ್ತು ಮನುಷ್ಯಕುಲದ ಮೈಯಲ್ಲಿರುವ ಸಾರಜನಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಥ ಕಾರ್ಖಾನೆಗಳಿಂದ ಬಂದದ್ದು. ನಿಮ್ಮ ಎರಡು ಕೈಗಳಲ್ಲಿ ಒಂದು ಫ್ಯಾಕ್ಟರಿಯದು ಅಂದುಕೊಳ್ಳಿ.

ಇಷ್ಟು ಕಷ್ಟಪಟ್ಟು ಇಳಿಸಿದ್ದನ್ನು ಗದ್ದೆಯಲ್ಲಿ ನಾವು ಏನು ಮಾಡುತ್ತೇವೆ ಅನ್ನುವುದೇ ಈ ಲೇಖನದ ವಿಷಯ.

ಯೂರಿಯಾ ಚೀಲ ಈಗ 45 ಕಿಲೊ. ಅದರಲ್ಲಿ ನೂರಕ್ಕೆ 46 ಪಾಲು, ಅಂದರೆ 20.7 ಕಿಲೊ ಸಾರಜನಕ. ಬಿಳಿ ಕಾಳು ಒಂದೊಂದೂ ಸಾಧಾರಣ 2 ಮಿಲಿಮೀಟರ್. ಅದರ ಗಾತ್ರ, ಸಾಂದ್ರತೆ ಹಿಡಿದು ಗುಣಿಸಿದರೆ ಒಂದು ಚೀಲದಲ್ಲಿ ಸುಮಾರು 81 ಲಕ್ಷ ಕಾಳು. ಆ ಎಲ್ಲ ಕಾಳುಗಳ ಮೈ ಸುಲಿದು ನೆಲಕ್ಕೆ ಹಾಸಿದರೆ ಎಷ್ಟಾಗುತ್ತದೆ? 102 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್. ಮೂರು ಸಲ ಗುಣಿಸಿ ನೋಡಿದೆ, ಕಾಕತಾಳೀಯವೇ ಇರಬೇಕು. ಆದರೂ ಬೆರಗಾಯಿತು. ಹೆಗಲ ಮೇಲೆ ಹೊತ್ತು ತರುವ ಚೀಲದೊಳಗೆ ಒಂದು ಗುಂಟೆ ಮೈ ಮಡಿಚಿ ಕೂತಿದೆ. ನೀರಿಗೆ ಬಿದ್ದ ಗಳಿಗೆಯಲ್ಲಿ ಆ ಒಂದು ಗುಂಟೆಯೂ ಏಕಕಾಲಕ್ಕೆ ಕರಗಲು ಶುರು.

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ ಪಕ್ಕ ನನ್ನ ಸೋದರಮಾವನ ಎರಡೂವರೆ ಎಕರೆ ಇದೆ. ಎರೆ ಭೂಮಿ, ಕಾಲುವೆ ನೀರು. ಮೇಲಿನ ಎರಡೆಕರೆ ಚಿನ್ನದಂಥದ್ದು. ತಗ್ಗಿನಲ್ಲಿರುವ ಅರ್ಧ ಎಕರೆ ಸವಳು. ಬೇಸಿಗೆಯಲ್ಲಿ ಅಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಉಪ್ಪು ಏಳುತ್ತದೆ, ನೆಲ ಒಣಗಿದರೆ ಗುದ್ದಲಿ ಟಣ್ ಅನ್ನುತ್ತದೆ, ನೀರು ನಿಂತರೆ ಇಂಗುವುದಿಲ್ಲ. ಕಳೆದ ಸಲ ಹೋದಾಗ ಮಾವ ಬದುವಿನ ಮೇಲೆ ಕೂತು ಹೇಳಿದರು: “ಹಾಕಿದ್ದು ಎಲ್ಲಿ ಹೋಗ್ತೈತೋ ಏನೋ ಅಳಿಯ, ಈ ಮೂಲ್ಯಾಗ ನೆಲ್ಲು ಮ್ಯಾಲೇಳಂಗಿಲ್ಲ. ಇನ್ನೊಂದು ಚೀಲ ಉಗ್ಗಿ ನೋಡು ಅಂತಾರ ಎಲ್ಲಾರೂ. ಉಗ್ಗಿದ್ದೂ ಆತು.”

ಎಲ್ಲಿ ಹೋಗುತ್ತದೆ ಅನ್ನುವುದು ಮಾವನೊಬ್ಬರ ಪ್ರಶ್ನೆಯಲ್ಲ. ಒಳ್ಳೆಯ ಮಣ್ಣಿನಲ್ಲೇ, ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಭತ್ತಕ್ಕೆ ದಕ್ಕುವುದು ನೂರಕ್ಕೆ 30ರಿಂದ 40. ಮೂರನೇ ಒಂದು ಅಂತ ಇಟ್ಟುಕೊಂಡರೆ ಚೀಲದ 20.7 ಕಿಲೊದಲ್ಲಿ ಪೈರಿಗೆ ಸುಮಾರು 7 ಕಿಲೊ. ಮಿಕ್ಕ 13-14 ಕಿಲೊದಲ್ಲಿ ಸ್ವಲ್ಪ ಮಣ್ಣಿನಲ್ಲೇ ಉಳಿಯುತ್ತದೆ, ಅದನ್ನು ನಷ್ಟ ಅನ್ನಬಾರದು. ಮಿಕ್ಕಿದ್ದು ನೀರಿನ ಜೊತೆ ಹರಿಯುತ್ತದೆ, ಆಳಕ್ಕೆ ಬಸಿಯುತ್ತದೆ, ಬಹುಪಾಲು ಬಂದ ದಾರಿಯಲ್ಲೇ ಗಾಳಿಗೆ ಮರಳುತ್ತದೆ. 200 ಪಟ್ಟು ಒತ್ತಡ ಹಾಕಿ ಇಳಿಸಿದ್ದು ಎರಡು ವಾರದಲ್ಲಿ ವಾಪಸ್.

ಅದು ಹೇಗೆ ಮರಳುತ್ತದೆ ಅನ್ನುವುದನ್ನು ಗದ್ದೆಯಲ್ಲೇ ಕೂತು ನೋಡಬಹುದು. ನಾನು ರಸಸಾರ (ಪಿಎಚ್) ನೋಡುವ ಕಾಗದದ ಪಟ್ಟಿ ಒಯ್ದಿದ್ದೆ. ಬೆಳಿಗ್ಗೆ ಏಳಕ್ಕೆ ಮಾವನ ಸವಳು ಮೂಲೆಯ ನೀರಿಗೆ ಅದ್ದಿದರೆ 8ರ ಹಸಿರು. ಮಧ್ಯಾಹ್ನ ಎರಡಕ್ಕೆ ಅದೇ ಜಾಗದಲ್ಲಿ ಅದ್ದಿದರೆ 9 ದಾಟಿದ ನೀಲಿ. ನೀರನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದು ಪಾಚಿ. ಬಿಸಿಲು ಏರುತ್ತಿದ್ದಂತೆ ಪಾಚಿ ನೀರೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಹುಳಿ ಕಡಿಮೆಯಾಗಿ ನೀರು ಕ್ಷಾರದ ಕಡೆ ವಾಲುತ್ತದೆ. ರಾತ್ರಿ ಪಾಚಿ ಉಸಿರು ಬಿಟ್ಟಾಗ ಮತ್ತೆ ಇಳಿಯುತ್ತದೆ. ಭತ್ತದ ಗದ್ದೆಯ ನೀರು ದಿನಕ್ಕೊಂದು ಸಲ ಹೀಗೆ ಏರಿ ಇಳಿಯುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ನನಗೆ ಮಾತ್ರ ಕಣ್ಣಾರೆ ಕಂಡದ್ದು ಅವತ್ತೇ ಮೊದಲು.

8ರಿಂದ 9, ಒಂದೇ ಅಂಕಿ ತಾನೆ ಅನಿಸಬಹುದು. ರಸಸಾರದ ಏಣಿಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಅಮೋನಿಯಂ ಮಣ್ಣಿಗೆ ಅಂಟುವ ಸಾಧು ರೂಪ. ಕ್ಷಾರ ಹೆಚ್ಚಿದಂತೆ ಅದೇ ಅಮೋನಿಯಾ ಅನಿಲವಾಗಿ ಎದ್ದು ಹೋಗುವ ಜಾತಿಯಾಗುತ್ತದೆ. ನೀರು 30 ಡಿಗ್ರಿ ಬೆಚ್ಚಗಿದ್ದು ರಸಸಾರ 7 ಇದ್ದರೆ ಹಾರುವ ರೂಪದಲ್ಲಿರುವುದು ನೂರಕ್ಕೆ 1ಕ್ಕಿಂತ ಕಡಿಮೆ. 8 ಆದರೆ ಏಳೂವರೆ. 9 ಆದರೆ 45. 10 ಆದರೆ 89. ಮೂರು ಮೆಟ್ಟಿಲಲ್ಲಿ ಇಲ್ಲವೆನ್ನುವಷ್ಟರಿಂದ ಹೆಚ್ಚುಕಡಿಮೆ ಎಲ್ಲವೂ ಅನ್ನುವಷ್ಟು. ಜೊತೆಗೆ ಮಧ್ಯಾಹ್ನದ ಗಾಳಿ ಬೀಸಿತೋ, ನೀರಿನ ಮೇಲ್ಮೈಯಿಂದ ಎದ್ದದ್ದನ್ನು ಹೊತ್ತೊಯ್ಯುತ್ತದೆ, ಜಾಗ ಖಾಲಿಯಾದಂತೆ ಇನ್ನಷ್ಟು ಏಳುತ್ತದೆ. ನಿಂತ ನೀರಿಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಅರ್ಧದವರೆಗೆ ಹೀಗೆ ಹಾರಿಹೋದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ.

ಈಗ ಮಾವನ ಸವಳಿನಂಥ ಕ್ಷಾರ ಮಣ್ಣಿನ ಗದ್ದೆಯನ್ನು ನೆನೆಸಿಕೊಳ್ಳಿ. ಅಲ್ಲಿ ಮಣ್ಣಿನ ರಸಸಾರವೇ ಎಂಟೂವರೆಯಿಂದ ಶುರು. ಅಂದರೆ ಪಾಚಿ ಕೆಲಸ ಆರಂಭಿಸುವ ಮುನ್ನವೇ ಮುಕ್ಕಾಲು ದಾರಿ ಕ್ರಮಿಸಿ ಆಗಿದೆ. ಹರಿಯಾಣದ ಕರ್ನಾಲಿನಲ್ಲಿ 1969ರಲ್ಲಿ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಹುಟ್ಟಿದಾಗ ಸುತ್ತಲಿನ ಬರಡು ನೆಲದಲ್ಲಿ ರಸಸಾರ 10 ದಾಟಿದ ಮಣ್ಣು ಧಾರಾಳವಾಗಿತ್ತು. ಹುಲ್ಲು ಕೂಡ ಹುಟ್ಟದ ಜಾಗ. ಎಕರೆಗೆ 4ರಿಂದ 6 ಟನ್ ಜಿಪ್ಸಂ ಕೊಟ್ಟು, ನೀರು ನಿಲ್ಲಿಸಿ, ಮೊದಲ ಬೆಳೆಯಾಗಿ ಭತ್ತವನ್ನೇ ಹಾಕಿಸಿದರು. ಜಿಪ್ಸಮ್ಮಿನ ಸುಣ್ಣದಂಶ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಒದ್ದೋಡಿಸುತ್ತದೆ, ನಿಂತ ನೀರು ಅದನ್ನು ಕೆಳಕ್ಕೆ ತೊಳೆಯುತ್ತದೆ, ಸೋಡಿಯಮ್ಮಿನ ಕಾಟವನ್ನು ಬೇರೆ ಬೆಳೆಗಳಿಗಿಂತ ಭತ್ತ ಚೆನ್ನಾಗಿ ತಡೆದುಕೊಳ್ಳುತ್ತದೆ. ಪಂಜಾಬ್, ಹರಿಯಾಣ, ಉತ್ತರಪ್ರದೇಶದಲ್ಲಿ ಹೀಗೆ ಸುಮಾರು 20 ಲಕ್ಷ ಹೆಕ್ಟೇರ್ ನೆಲ ಮತ್ತೆ ಬದುಕಿತು. ಆದರೂ ದೇಶದಲ್ಲಿ ಉಪ್ಪು ಹತ್ತಿದ ನೆಲದ ಒಟ್ಟು ಲೆಕ್ಕ 67 ಲಕ್ಷ ಹೆಕ್ಟೇರ್ ಎಂದೇ ಸಂಸ್ಥೆ ಹೇಳುತ್ತದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದರಲ್ಲಿ ಬರೀ ಕ್ಷಾರ ಮಣ್ಣೇ 37.7 ಲಕ್ಷ ಹೆಕ್ಟೇರ್, ಹೆಚ್ಚುಕಡಿಮೆ ಒಂದು ಕೇರಳ.

ಈ ಒಂದು ಕೇರಳದಷ್ಟು ನೆಲಕ್ಕೆ ಬಹುಕಾಲದಿಂದ ಇರುವ ಶಿಫಾರಸು ಏನು ಗೊತ್ತೆ? ಮಾಮೂಲಿ ಮಣ್ಣಿಗೆ ಹೆಕ್ಟೇರಿಗೆ 120 ಕಿಲೊ ಸಾರಜನಕ ಕೊಡುವ ಕಡೆ, ಇಲ್ಲಿ 150 ಕೊಡಿ. ಕಾಲು ಭಾಗ ಹೆಚ್ಚು. ತೂತು ಕೊಡಕ್ಕೆ ಇನ್ನೆರಡು ಚೊಂಬು ನೀರು ಸುರಿದ ಹಾಗೆ. ತಪ್ಪು ಅನ್ನಲಾರೆ, ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಆದರೆ ಮಾವನಿಗೆ ‘ಇನ್ನೊಂದು ಚೀಲ ಉಗ್ಗು’ ಅಂದವರ ಬಾಯಲ್ಲಿದ್ದದ್ದೂ ಇದೇ ವಿಜ್ಞಾನ.

ಹಾಗಾದರೆ ಗೊಬ್ಬರವನ್ನು ನಿಧಾನ ಮಾಡಿದರೆ? ಇಲ್ಲೊಂದು ವಿಚಿತ್ರವಿದೆ. ಯೂರಿಯಾ ಸ್ವಭಾವತಃ ನಿಧಾನಿಯೇ. ಯಾವ ಜೀವಿಯೂ ಮುಟ್ಟದ ಶುದ್ಧ ನೀರಿನಲ್ಲಿ ಕರಗಿಸಿ ಇಟ್ಟರೆ, ಅದರಲ್ಲಿ ಅರ್ಧ ಒಡೆಯಲು ಸುಮಾರು 40 ವರ್ಷ ಬೇಕು. ಗದ್ದೆಯಲ್ಲಿ ಕೆಲವೇ ದಿನಕ್ಕೆ ಮುಗಿಯುತ್ತದೆ. ನಡುವೆ ಕೈಯಾಡಿಸುವುದು ಯೂರಿಯೇಸ್ ಎಂಬ ಕಿಣ್ವ. ಇದರ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಯೂರಿಯಾ ಅಣುಗಳನ್ನು ಒಡೆದು ಬಿಸಾಡುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿದೆ, ಅವರೆ ಜಾತಿಯ ಕಾಳುಗಳಲ್ಲಿದೆ. ಜಗತ್ತಿನಲ್ಲಿ ಮೊದಲು ಹರಳುಗಟ್ಟಿಸಿದ ಕಿಣ್ವವೂ ಇದೇ. 1926ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಕಾಳಿನಿಂದ ತೆಗೆದ. ಎಡಚನಾಗಿದ್ದ ಆತ ಹುಡುಗನಾಗಿದ್ದಾಗಲೇ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ. ಮಿಕ್ಕ ಒಂದು ಕೈಯಲ್ಲಿ 9 ವರ್ಷ ಕಾಳು ಅರೆದು ಸೋಸಿ ಸಾಧಿಸಿದ ಕೆಲಸಕ್ಕೆ 1946ರಲ್ಲಿ ನೊಬೆಲ್ ಬಂತು. ಗದ್ದೆಯಲ್ಲಿ ನಮ್ಮ ಚೀಲ ಖಾಲಿ ಮಾಡುವ ಕಳ್ಳನ ಮುಖ ಮೊದಲು ಕಂಡವನು ಅವನು.

ಈ ಓಟಕ್ಕೆ ಕಡಿವಾಣ ಹಾಕಲು ನಮ್ಮವರು ಹಿಡಿದದ್ದು ಬೇವು. 1970ರ ದಶಕದಿಂದ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಕೆಲಸದ ಫಲವಾಗಿ, 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಸವರುವುದು ಕಡ್ಡಾಯ. ಎಷ್ಟು ಎಣ್ಣೆ? ಹತ್ತು ಲಕ್ಷಕ್ಕೆ 350 ಪಾಲು. 45 ಕಿಲೊ ಚೀಲಕ್ಕೆ 16 ಗ್ರಾಂ. ನೆಗಡಿಯಾದ ಮಗುವಿನ ತಲೆಗೆ ತಟ್ಟುವಷ್ಟು. ಅಷ್ಟೇ ಎಣ್ಣೆ 81 ಲಕ್ಷ ಕಾಳಿನ ಒಂದು ಗುಂಟೆ ಮೈಗೆ ಹರಡಬೇಕು. ಹಾಗಂತ ದೇಶದ ಲೆಕ್ಕ ಸಣ್ಣದಲ್ಲ. 2023-24ರಲ್ಲಿ ಭಾರತ ಬಳಸಿದ ಯೂರಿಯಾ ಸುಮಾರು 358 ಲಕ್ಷ ಟನ್. ಚೀಲದಲ್ಲಿ ಹೇಳುವುದಾದರೆ 80 ಕೋಟಿ ಚೀಲ, ತೊಟ್ಟಿಲ ಕೂಸೂ ಸೇರಿ ತಲೆಗೆ 25 ಕಿಲೊ. ಎಲ್ಲಕ್ಕೂ ಸವರಲು ಬೇಕಾದ ಬೇವಿನೆಣ್ಣೆ 12,500 ಟನ್. ನೂರಕ್ಕೆ ಒಂದು ಪಾಲು ಯೂರಿಯಾ ಉಳಿಸಿದರೂ 80 ಲಕ್ಷ ಚೀಲ ಉಳಿಯುತ್ತದೆ.

ಆದರೆ ಬೇವು ಕಟ್ಟಿಹಾಕುವುದು ಬೇರೆ ಕಳ್ಳನನ್ನು. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವನ್ನು ಅದು ಮಂಕಾಗಿಸುತ್ತದೆ. ನೈಟ್ರೇಟ್ ಆದರೆ ಬಸಿದು ಹೋಗುವ ಭಯ, ಅದು ತಪ್ಪುತ್ತದೆ. ಕ್ಷಾರ ಗದ್ದೆಯ ತೊಂದರೆ ಅದಲ್ಲವಲ್ಲ? ಅಲ್ಲಿ ನೀರು ಕೆಳಗಿಳಿಯುವುದೇ ಇಲ್ಲ, ಸೋಡಿಯಂ ಮಣ್ಣನ್ನು ಕಲಸಿದ ಸಿಮೆಂಟಿನಂತೆ ಮಾಡಿಬಿಟ್ಟಿದೆ. ಹೋಗುವುದೆಲ್ಲ ಮೇಲಕ್ಕೆ. ಅಮೋನಿಯಂ ಅನ್ನು ಮೇಲ್ಮೈಯಲ್ಲೇ ಹೆಚ್ಚು ಹೊತ್ತು ಕೂರಿಸಿದರೆ ಹಾರಲು ಇನ್ನಷ್ಟು ಸಮಯ ಕೊಟ್ಟಂತೆಯೇ ಆದೀತು. ಬೇವಿನ ಯೂರಿಯಾ ಬಂದ ಮೇಲೂ ಮಾವನ ಮೂಲೆ ಯಾಕೆ ಹಸಿರಾಗಲಿಲ್ಲ ಎಂಬುದಕ್ಕೆ ನನಗೆ ತೋಚುವ ವಿವರಣೆ ಇದು.

ಗಂಧಕ ಸವರಿದ ಯೂರಿಯಾ ಹಳೆಯದು. 1960ರ ದಶಕದಲ್ಲೇ ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರ ಮಾಡಿ ನೋಡಿತ್ತು. ನಮ್ಮಲ್ಲಿ 2023ರಲ್ಲಿ ‘ಯೂರಿಯಾ ಗೋಲ್ಡ್’ ಎಂದು ಬಂತು. ನೂರಕ್ಕೆ ಸಾರಜನಕ 37, ಗಂಧಕ 17 ಪಾಲು. ಚೀಲ 40 ಕಿಲೊ, ಬೆಲೆ 45 ಕಿಲೊ ಮಾಮೂಲಿ ಚೀಲದ್ದೇ. ಒಳಗಿರುವ ಸಾರಜನಕ 14.8 ಕಿಲೊ. ನಿಧಾನಕ್ಕೆ ಬೆಲೆ ತೆರಬೇಕು, ಸರಿ. ಆದರೆ ಅಂಗಡಿಯ ಮುಂದೆ ಸಾಲು ನಿಂತವರು ಮೊದಲು ನೋಡುವುದು ತೂಕ.

ಜಪಾನಿನವರು ಈ ನಿಧಾನವನ್ನು ಗಡಿಯಾರದ ಮಟ್ಟಕ್ಕೆ ಒಯ್ದರು. ಯೂರಿಯಾ ಕಾಳಿಗೆ ಪ್ಲಾಸ್ಟಿಕ್ಕಿನ ತೆಳುಗವಚ ತೊಡಿಸಿ, ನೀರು 25 ಡಿಗ್ರಿ ಇದ್ದರೆ 100 ದಿನಕ್ಕೆ 80 ಪಾಲು ಹೊರಬರಬೇಕು ಎಂದರೆ ಹಾಗೇ ಬರುವಂತೆ ಮಾಡಿದರು. ಇನ್ನೊಂದು ಜಾತಿ ಮೊದಲ ಕೆಲವು ವಾರ ಸುಮ್ಮನೆ ಮಲಗಿದ್ದು ಆಮೇಲೆ ಏಳುತ್ತದೆ. ಹಾಗಾಗಿ ಇಡೀ ಬೆಳೆಯ ಗೊಬ್ಬರವನ್ನು ಸಸಿ ಟ್ರೇಯಲ್ಲೇ ಹಾಕಿ, ಬುತ್ತಿ ಕಟ್ಟಿ ಮಗಳನ್ನು ಕಳಿಸಿದಂತೆ ನಾಟಿಗೆ ಕಳಿಸಬಹುದು. ಅಕಿತ ಪ್ರಾಂತ್ಯದ ಹಾಚಿರೊ ಸರೋವರವನ್ನು 1957ರಿಂದ ಎರಡು ದಶಕ ಒಣಗಿಸಿ ಸುಮಾರು 17,000 ಹೆಕ್ಟೇರ್ ನೆಲ ಮಾಡಿದ್ದರು. ಜಪಾನಿನ ಎರಡನೇ ದೊಡ್ಡ ಸರೋವರ ಹೋಗಿ ಜಿಗುಟು ಜೇಡಿಯ ಬಯಲಾಯಿತು. ಟ್ರ್ಯಾಕ್ಟರು ಹೂತುಹೋಗುವ ಆ ಮಣ್ಣಿನಲ್ಲಿ, ಉಳುಮೆಯನ್ನೇ ಬಿಟ್ಟು, ಟ್ರೇಯಲ್ಲೇ ಬುತ್ತಿ ಕಟ್ಟಿ ನಾಟಿ ಮಾಡಿದ ಪ್ರಯೋಗಗಳಲ್ಲಿ ಗೊಬ್ಬರದ ಸುಮಾರು 80 ಪಾಲು ಭತ್ತಕ್ಕೇ ಸಿಕ್ಕಿತು. ನಮ್ಮ ಮೂರನೇ ಒಂದರ ಪಕ್ಕ ಇಟ್ಟು ನೋಡಿ.

ಅದಕ್ಕೂ ಒಂದು ಬಿಲ್ಲು ಬಂತು. ಕಾಳು 3 ಮಿಲಿಮೀಟರಿನದು ಎಂದಿಟ್ಟುಕೊಂಡು ಎಕರೆಗೆ ಒಂದು ಚೀಲದ ಲೆಕ್ಕ ಹಾಕಿದರೆ, ಒಳಗಿನದು ಕರಗಿ ಹೋದ ಮೇಲೆ ಗದ್ದೆಯಲ್ಲಿ ಉಳಿಯುವ ಖಾಲಿ ಪ್ಲಾಸ್ಟಿಕ್ ಚಿಪ್ಪುಗಳು 23-24 ಲಕ್ಷ. ಪ್ರತಿ ವರ್ಷ. ಅವು ತೇಲಿ ಕಾಲುವೆ, ಹೊಳೆ, ಸಮುದ್ರ ಸೇರುತ್ತವೆ. 2030ರ ಹೊತ್ತಿಗೆ ಪ್ಲಾಸ್ಟಿಕ್ ಕವಚದ ಗೊಬ್ಬರವನ್ನು ನೆಚ್ಚದ ಬೇಸಾಯ ಮಾಡುತ್ತೇವೆ ಎಂದು ಅಲ್ಲಿನ ಗೊಬ್ಬರ ಉದ್ಯಮದವರೇ 2022ರಲ್ಲಿ ಘೋಷಿಸಬೇಕಾಯಿತು.

ನನಗೆ ಇಷ್ಟವಾದದ್ದು ಇವೆಲ್ಲಕ್ಕಿಂತ ಒರಟಾದ ಇನ್ನೊಂದು ಉಪಾಯ. ಕವಚ ಬೇಡ, ಎಣ್ಣೆ ಬೇಡ. ಸಣ್ಣ ಕಾಳುಗಳನ್ನು ಒತ್ತಿ ದೊಡ್ಡ ಗುಳಿಗೆ ಮಾಡು, ಕೆಸರಿನಲ್ಲಿ ಹೂತುಬಿಡು. ಬಾಂಗ್ಲಾದೇಶದಲ್ಲಿ ಇದರ ಹೆಸರು ಗುಟಿ ಯೂರಿಯಾ. ಊರಿನ ಅಂಗಡಿಯಲ್ಲಿ ಕೂರಿಸುವಂಥ ಸಣ್ಣ ಯಂತ್ರ ಮಾಮೂಲಿ ಯೂರಿಯಾವನ್ನು ಒತ್ತಿ ದಿಂಬಿನಾಕಾರದ ಗುಳಿಗೆ ಉದುರಿಸುತ್ತದೆ. ಮಳೆಗಾಲದ ಭತ್ತಕ್ಕೆ 1.8 ಗ್ರಾಮಿನದು, ಬೇಸಿಗೆಯ ಬೋರೊ ಭತ್ತಕ್ಕೆ 2.7 ಗ್ರಾಮಿನದು. ನಾಟಿಯಾದ ಒಂದು ವಾರಕ್ಕೆ, ನಾಲ್ಕು ಗುಣಿಗಳ ನಡುವೆ ಒಂದರಂತೆ, ಏಳರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇಡೀ ಬೆಳೆಗೆ ಒಂದೇ ಸಲ.

ಇಲ್ಲಿ ಮತ್ತೆ ಆ ಚೀಲ ತೆಗೆಯೋಣ. 45 ಕಿಲೊವನ್ನು 1.8 ಗ್ರಾಮಿನ ಗುಳಿಗೆ ಮಾಡಿದರೆ ಸರಿಯಾಗಿ 25,000. ಸಾಲಿನಿಂದ ಸಾಲಿಗೆ, ಗುಣಿಯಿಂದ ಗುಣಿಗೆ 20 ಸೆಂಟಿಮೀಟರ್ ಬಿಟ್ಟು ನಾಟಿ ಮಾಡಿದ ಎಕರೆಗೆ ಬೇಕಾದ ಗುಳಿಗೆ 25,300. ಒಂದು ಚೀಲ, ಒಂದು ಎಕರೆ. 81 ಲಕ್ಷ ಇದ್ದದ್ದು 25 ಸಾವಿರಕ್ಕೆ ಇಳಿಯಿತು. ಒಂದೊಂದು ಗುಳಿಗೆಯಲ್ಲಿ 325 ಕಾಳು ಅಡಗಿವೆ. ಒಂದು ಗುಂಟೆ ಇದ್ದ ಮೈ ಕುಗ್ಗಿ 15 ಚದರ ಮೀಟರಿಗೆ, ಒಂದು ಸಾಧಾರಣ ಕೋಣೆಯ ನೆಲದಷ್ಟಕ್ಕೆ ಬಂತು. ಗೊಬ್ಬರ ಅದೇ, ಒಂದು ಗ್ರಾಂ ಕೂಡ ಬದಲಾಗಿಲ್ಲ.

ನಿಜವಾದ ಕೆಲಸ ಮಾಡುವುದು ಆಳ. ಕೆಸರುಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ಇರುವುದು ಮೇಲಿನ ಒಂದು ತೆಳು ಪದರದಲ್ಲಿ ಮಾತ್ರ, ಅದು ಸೆಂಟಿಮೀಟರಿನ ಆಸುಪಾಸು. ಅದರ ಕೆಳಗೆ ಉಸಿರು ಕಟ್ಟಿದ ಕಪ್ಪು ಕೆಸರು, ಕೈ ಹಾಕಿದರೆ ಕೊಳೆತ ವಾಸನೆ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಬದುಕಿಲ್ಲ. ಪಾಚಿಯ ಮಧ್ಯಾಹ್ನದ ಆಟ ಅಲ್ಲಿಗೆ ತಲುಪುವುದಿಲ್ಲ. ಗಾಳಿ ಮೊದಲೇ ಇಲ್ಲ. ಅಮೋನಿಯಂ ಧನ ವಿದ್ಯುದಂಶದ್ದು, ಜೇಡಿ ಋಣ ವಿದ್ಯುದಂಶದ್ದು, ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಗುಳಿಗೆಯ ಸುತ್ತ ಮೊದಮೊದಲು ಎಷ್ಟು ಗಾಢವಾಗಿರುತ್ತದೆ ಎಂದರೆ ಬೇರು ಹತ್ತಿರ ಸುಳಿಯುವುದಿಲ್ಲ, ಆಮೇಲೆ ನಾಲ್ಕೂ ಗುಣಿಯ ಬೇರು ಬಂದು ಮುತ್ತಿಕೊಳ್ಳುತ್ತವೆ, ಸಕ್ಕರೆಗೆ ಇರುವೆ ಕವಿದ ಹಾಗೆ. ಒಂದು ಎಚ್ಚರ: ಮರಳು ಮಣ್ಣಿಗೆ ಇದು ಸಲ್ಲದು, ಅಲ್ಲಿ ಗುಳಿಗೆ ಕರಗಿ ತಳಕ್ಕೆ ಬಸಿದುಹೋಗುತ್ತದೆ. ನೀರು ಇಂಗದ ಜೇಡಿ ಬೇಕು. ಸವಳು ಎರೆಯ ಇಂಗದ ಗುಣ ಈ ಒಂದು ವಿಷಯದಲ್ಲಿ ಉಪಕಾರಕ್ಕೆ ಬರುತ್ತದೆ.

ಬಾಂಗ್ಲಾದೇಶದ ಹೊಲಗಳಲ್ಲಿ ಗುಟಿಯಿಂದ ಯೂರಿಯಾ ಮೂರನೇ ಒಂದರಷ್ಟು ಉಳಿದು, ಇಳುವರಿ ನೂರಕ್ಕೆ 15ರಿಂದ 20 ಏರಿದ್ದು ದಾಖಲಾಗಿದೆ. ಅಲ್ಲಿನ ತೆಂಕಣ ಕರಾವಳಿ, ಖುಲ್ನಾ, ಬಾರಿಸಾಲ್ ಕಡೆ ಸಮುದ್ರದ ಉಬ್ಬರ ದಿನಕ್ಕೆರಡು ಸಲ ಗದ್ದೆಗೆ ನುಗ್ಗುತ್ತದೆ. 1973ರಲ್ಲಿ 8.33 ಲಕ್ಷ ಹೆಕ್ಟೇರ್ ಇದ್ದ ಉಪ್ಪು ನೆಲ 2009ಕ್ಕೆ 10.56 ಲಕ್ಷಕ್ಕೆ ಬೆಳೆದಿತ್ತು. ಬೆಳಿಗ್ಗೆ ಎರಚಿದ ಯೂರಿಯಾ ಸಂಜೆಯ ಇಳಿತದಲ್ಲಿ ಸಮುದ್ರದ ಪಾಲು. ಹೂತದ್ದು ಮಾತ್ರ ಉಳಿಯುತ್ತದೆ. ಉಬ್ಬರ ಎಂದಾಗ ನಮ್ಮ ಅಘನಾಶಿನಿ ನೆನಪಾಗದೆ ಇರದು. ಕುಮಟಾದ ಮಾಣಿಕಟ್ಟದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಉಪ್ಪುನೀರಿನ ಭಯವೂ ಇಲ್ಲ, ಗೊಬ್ಬರದ ಹಂಗೂ ಇಲ್ಲ. ಉಬ್ಬರ ತಂದಿಕ್ಕುವ ರೇವೆಯೇ ಅದರ ಊಟ. ಇಳುವರಿ ಕಡಿಮೆ, ನಿಜ. ಆದರೆ ಅಲ್ಲಿ ಸಮುದ್ರ ಕಿತ್ತುಕೊಳ್ಳುತ್ತದೆ, ಇಲ್ಲಿ ಬಡಿಸುತ್ತದೆ.

ಭಾರತದಲ್ಲಿ ಗುಳಿಗೆ ಹಿಡಿದು ಓಡಾಡಿದವರು ಕೊಂಕಣದ ಡಾ. ಎನ್. ಕೆ. ಸಾವಂತ್. ಹೊರದೇಶದಲ್ಲಿ ಇದೇ ಸಂಶೋಧನೆ ಮಾಡಿ ಬಂದು, ಮಹಾರಾಷ್ಟ್ರದ ರೈತರಿಗೆ ‘ಚಾರಸೂತ್ರಿ’ ಎಂಬ ನಾಲ್ಕು ಸೂತ್ರದ ಭತ್ತದ ಬೇಸಾಯ ಕಲಿಸಿದರು. ಅದರಲ್ಲೊಂದು ಸೂತ್ರ ಯೂರಿಯಾ ಮತ್ತು ಡಿಎಪಿ ಸೇರಿಸಿ ಒತ್ತಿದ 2.7 ಗ್ರಾಮಿನ ಗುಳಿಗೆ. ಆ ಕಡೆ ಹೋಗಿದ್ದ ಗೆಳೆಯನೊಬ್ಬ ನನಗೂ ಒಂದು ಪೊಟ್ಟಣ ತಂದುಕೊಟ್ಟಿದ್ದ. ಮಾವನ ಮನೆಗೆ ಒಯ್ದದ್ದು ಅದನ್ನೇ.

ಅಷ್ಟು ಒಳ್ಳೆಯದಿದ್ದರೆ ಯಾಕೆ ಎಲ್ಲರೂ ಮಾಡುತ್ತಿಲ್ಲ? ಎರಚುವುದಾದರೆ ಒಬ್ಬ ಮನುಷ್ಯ ಪುಟ್ಟಿ ಹಿಡಿದು ಗಂಟೆಯೊಳಗೆ ಎಕರೆ ಮುಗಿಸುತ್ತಾನೆ. ಹೂಳುವುದಾದರೆ 25,300 ಸಲ ಬಗ್ಗಬೇಕು. ಗುಳಿಗೆಗೆ 4 ಸೆಕೆಂಡ್ ಅಂದುಕೊಂಡೆ. ಒಟ್ಟು 28 ಗಂಟೆ, ಮೂರೂವರೆ ಆಳು. ಉದ್ಯೋಗ ಖಾತ್ರಿಯ 2025-26ರ ಕೂಲಿ ದಿನಕ್ಕೆ 370 ರೂಪಾಯಿ, ಆ ಲೆಕ್ಕದಲ್ಲಿ ಹತ್ತಿರ ಹತ್ತಿರ 1,300. ನಾಟಿಯ ದಿನಗಳಲ್ಲಿ ಅಷ್ಟಕ್ಕೆ ಆಳು ಸಿಗುವುದಿಲ್ಲ, ಅದು ಬೇರೆ ಮಾತು. ಎಕರೆಗೆ ಮೂರು ಚೀಲ ಹಾಕುವ ಕಡೆ ಒಂದು ಚೀಲ ಉಳಿಯಿತು ಅನ್ನೋಣ. ಅದರ ಬೆಲೆ 242 ರೂಪಾಯಿ, ಬೇವು ಲೇಪನದ ವೆಚ್ಚ, ತೆರಿಗೆ ಸೇರಿ 266ರ ಆಸುಪಾಸು. ಒಂದು ಆಳಿನ ಒಂದು ದಿನದ ಕೂಲಿಗೂ ಸಾಲದು. ಸಾವಿರಾರು ಕೋಟಿ ಸಬ್ಸಿಡಿ ಕೊಟ್ಟು ಯೂರಿಯಾವನ್ನು ಇಷ್ಟು ಅಗ್ಗ ಮಾಡಿಟ್ಟ ಮೇಲೆ ಅದನ್ನು ಉಳಿಸುವುದಕ್ಕಾಗಿ ಯಾರು ಬಗ್ಗುತ್ತಾರೆ? ಲಾಭ ಇರುವುದು ಇಳುವರಿಯಲ್ಲಿ. ಎಕರೆಗೆ 20 ಕ್ವಿಂಟಲ್ ಬರುವ ಕಡೆ 15 ಪಾಲು ಏರಿದರೂ 3 ಕ್ವಿಂಟಲ್, 2025-26ರ 2,369 ರೂಪಾಯಿ ಬೆಂಬಲ ಬೆಲೆಯಲ್ಲಿ 7,100 ರೂಪಾಯಿ. ತಳ್ಳುವ ಸಣ್ಣ ಯಂತ್ರಗಳೂ ಬಂದಿವೆ. ಆದರೆ ಸುಗ್ಗಿಯ 7,100 ಕಾಣುವುದು ನಾಲ್ಕು ತಿಂಗಳ ಆಚೆ, ಕೂಲಿ ಎಣಿಸುವುದು ಇವತ್ತು ಸಂಜೆ.

ಮಾವನ ಸವಳು ಮೂಲೆಯಲ್ಲಿ ನಾಲ್ಕು ಮೀಟರಿಗೆ ನಾಲ್ಕು ಮೀಟರ್ ಅಳೆದು ಗೂಟ ನೆಟ್ಟೆವು. ಅಷ್ಟಕ್ಕೆ ಬೇಕಾದದ್ದು ಸರಿಯಾಗಿ 100 ಗುಳಿಗೆ, 270 ಗ್ರಾಂ. ಕಳೆ ಕೀಳಲು ಬಂದಿದ್ದ ಹೆಣ್ಣಾಳುಗಳಲ್ಲಿ ಹಿರಿಯಳು ಒಂದನ್ನು ಬೆರಳಲ್ಲಿ ಹಿಡಿದು ನೋಡಿ, “ಇದೇನು ಪೆಪ್ಪರಮೆಂಟೇನ್ರಿ?” ಅಂದಳು. ಹೇಗೆ ಅಂತ ತೋರಿಸಿದೆ. ನಾಲ್ಕು ಗುಣಿಯ ನಡುವೆ ಬೆರಳು ಮುಳುಗುವಷ್ಟು ಒತ್ತಬೇಕು, ಆಮೇಲೆ ತೂತು ಮುಚ್ಚಬೇಕು. ಮುಚ್ಚದಿದ್ದರೆ ಅದೇ ಬಿಲದಿಂದ ಎಲ್ಲ ಮೇಲೆ ಬಂದುಬಿಡುತ್ತದೆ. ಆಕೆ ನನಗಿಂತ ಚೆನ್ನಾಗಿ ಮಾಡಿದಳು. ಎಡಗೈಯಲ್ಲಿ ಗುಳಿಗೆ, ಬಲಗೈ ಹೆಬ್ಬೆರಳಲ್ಲಿ ಒತ್ತು, ಹಿಂದೆ ಸರಿಯುವಾಗ ಹಿಮ್ಮಡಿಯಲ್ಲಿ ಕೆಸರು ಸವರು. ನಾನು ಬದುವಿನ ಮೇಲೆ ಮೊಬೈಲ್ ಹಿಡಿದು ಹೊತ್ತು ನೋಡುತ್ತಿದ್ದೆ. ನೂರು ಗುಳಿಗೆಗೆ 11 ನಿಮಿಷ. ಗುಳಿಗೆಗೆ ಆರೂವರೆ ಸೆಕೆಂಡ್. ಮೇಜಿನ ಮುಂದೆ ಕೂತು ಹಾಕಿದ್ದ ನನ್ನ 4 ಸೆಕೆಂಡಿನ ಲೆಕ್ಕ ಅಲ್ಲೇ ಬಿದ್ದುಹೋಯಿತು. ಎಕರೆಗೆ 28 ಅಲ್ಲ, 46 ಗಂಟೆ. ಆರು ಆಳು.

ಚೀಟಿಯಲ್ಲಿ 46 ಅಂತ ಬರೆದು ಅಂಗಿಯ ಜೇಬಿಗೆ ಹಾಕಿದೆ. ಮಿಕ್ಕಿದ್ದ ಎರಡು ಗುಳಿಗೆಯೂ ಅದೇ ಜೇಬಿನಲ್ಲಿ ಇದ್ದವು. “ತಗದು ಡಬ್ಬ್ಯಾಗ ಹಾಕ್ಕೋ, ಹಸಿ ಹತ್ತಿದ್ರ ಕರಗ್ತಾವು” ಅಂದರು ಮಾವ. ಮರೆತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಬೆಂಕಿಯಂಥ ಬಿಸಿಲು. ಗಂಗಾವತಿ ಬರುವಷ್ಟರಲ್ಲಿ ಜೇಬಿಗೆ ಕೈ ಹಾಕಿದರೆ, ಎರಡೂ ಗುಳಿಗೆ ಬೆವರಿಗೆ ಅಂಟಂಟಾಗಿ ಚೀಟಿಗೆ ಹತ್ತಿಕೊಂಡಿದ್ದವು, 46 ಅರ್ಧ ಅಳಿಸಿತ್ತು.